ಬಿಳಿಮೀನಿನ ಮಡುವಿಗೆ ಕಾವಲು ಯಾರು?



ಕಾಫಿಯ ದರ, ಅಡಿಕೆಯ ಧಾರಣೆ, ಗೊಬ್ಬರದ ಹಂಚಿಕೆ ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಮೀನಿನ ಮಾತೇಕೆ ಎಂದು ಕೆಲವರಾದರೂ ಕೇಳಿಯಾರು. ಉತ್ತರ ಸರಳವಾಗಿದೆ. ಮೀನು ಇರುವುದು ಹೊಳೆಯಲ್ಲಿ. ಹೊಳೆಯ ದಡದಲ್ಲಿ ಇರುವುದು ನಮ್ಮ ತೋಟ. ಆ ಮೀನನ್ನು ಒಂದೇ ರಾತ್ರಿಯಲ್ಲಿ ಕೊಲ್ಲಬಲ್ಲ ನೀಲಿ ಹರಳು ಇರುವುದು ನಮ್ಮ ಉಗ್ರಾಣದಲ್ಲಿ. ಹೀಗಿರುವಾಗ ಇದು ಮೀನುಗಾರಿಕೆ ಇಲಾಖೆಯ ವಿಷಯ, ನಮಗೆ ಸಂಬಂಧವಿಲ್ಲ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಈಗ ನಮ್ಮ ಮುಂದಿರುವ ಪ್ರಶ್ನೆ ಇದು. ಜನರಿಗೆ ಅಷ್ಟಾಗಿ ತಿಳಿಯದ ಹೊಳೆಗಳಲ್ಲಿ, ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಇನ್ನೂ ಒಳ್ಳೆಯ ಮೀನು ಉಳಿದಿದೆ. ಅಂಥ ಕಡೆಗೆ ಹೋಗುವ ದಾರಿ ಬಹುಪಾಲು ಯಾರದಾದರೂ ತೋಟದ ಒಳಗಿನಿಂದಲೇ ಹಾದುಹೋಗುತ್ತದೆ. ಆ ದಾರಿಯನ್ನು ಎಲ್ಲರಿಗೂ ಬಿಟ್ಟುಕೊಡಬೇಕೇ? ಇಲ್ಲ, ಬೇಲಿ ಹಾಕಿ ಬೀಗ ಜಡಿಯಬೇಕೇ? ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಎಲ್ಲರಿಗೂ ಬಿಟ್ಟ ಮಡು ಎರಡು ಬೇಸಿಗೆಯಲ್ಲಿ ಬರಿದಾಗುತ್ತದೆ. ಬೀಗ ಹಾಕಿದ ಮಡು ರಾತ್ರಿ ಬರುವ ಕಳ್ಳನ ಸ್ವತ್ತಾಗುತ್ತದೆ. ಮಡುವಿಗೆ ಬೇಕಾಗಿರುವುದು ಜವಾಬ್ದಾರಿ ಹೊತ್ತ ಕಾವಲು.

ಮೇಲಿನ ನೀರು, ಕೆಳಗಿನ ಊರು

ಮೊದಲು ನಮ್ಮ ನೀರಿನ ನೆಂಟಸ್ತಿಕೆಯನ್ನು ನೆನಪಿಗೆ ತಂದುಕೊಳ್ಳೋಣ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರದ ಕಾಫಿ ತೋಟಗಳ ನಡುವೆ ಹರಿದು, ಗೊರೂರಿನ ಅಣೆಕಟ್ಟನ್ನು ದಾಟಿ, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಗಿರಿ ಮತ್ತು ಮಂದಗೆರೆಯ ಕಟ್ಟೆಗಳನ್ನು ಹಾಯ್ದು ಬರುತ್ತದೆ. ಕೊಡಗಿನಿಂದ ಕಾವೇರಿಯೂ ಲಕ್ಷ್ಮಣತೀರ್ಥವೂ ಬಂದು ಅದನ್ನು ಕೂಡುವುದು ಅಂಬಿಗರಹಳ್ಳಿ, ಸಂಗಾಪುರಗಳ ತ್ರಿವೇಣಿ ಸಂಗಮದಲ್ಲಿ. 2022ರ ಅಕ್ಟೋಬರಿನಲ್ಲಿ ಕುಂಭಮೇಳ ನಡೆದು ಜನಸಾಗರವೇ ಮಿಂದದ್ದು ಅಲ್ಲಿಯೇ. ಮಿಂದ ನೀರಿನಲ್ಲಿ ಸಕಲೇಶಪುರದ ತೋಟದ ನೀರೂ ಇತ್ತು, ಕೊಡಗಿನ ತೋಟದ ನೀರೂ ಇತ್ತು. ಅಲ್ಲಿಂದ ಮುಂದೆ ಕನ್ನಂಬಾಡಿಯ ಕಟ್ಟೆ. ಕಟ್ಟೆಯ ಕೆಳಗೆ ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಸೀಮೆ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ ಪಾಂಡವಪುರದ ಕಡೆಯಿಂದ ಇಳಿದುಬರುವ ಲೋಕಪಾವನಿ ಕರೀಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲ್ದಂಡೆಯ ಕಾಫಿ ಬೆಳೆಗಾರನಿಗೂ ಈ ನಾಲ್ಕು ತಾಲ್ಲೂಕುಗಳ ಅಡಿಕೆ, ತೆಂಗಿನ ತೋಟದವನಿಗೂ ಇರುವ ನಂಟು ಸಹಕಾರ ಸಂಘದ ಷೇರಿನದಷ್ಟೇ ಅಲ್ಲ, ನೀರಿನದೂ ಹೌದು.

ನೀಲಗಿರಿಯ ಟ್ರೌಟು, ನಮ್ಮ ಬಿಳಿಮೀನು

ಗಾಳದ ಮೀನು ಎಂದಕೂಡಲೆ ಓದಿದವರು ಟ್ರೌಟಿನ ಹೆಸರು ಹೇಳುತ್ತಾರೆ. ಟ್ರೌಟು ತಣ್ಣೀರಿನ ಮೀನು. ನಮ್ಮ ಬಯಲುಸೀಮೆಯ ಬೇಸಿಗೆಯ ನೀರಿನಲ್ಲಿ ಅದು ಬದುಕಲಾರದು. ಹೊರದೇಶದಿಂದ ತಂದು ನೀಲಗಿರಿಯ ಮೇಲಿನ ಹೊಳೆಗಳಲ್ಲಿ ಅದನ್ನು ನೆಲೆಗೊಳಿಸಲು ಬ್ರಿಟಿಷರು ಹಲವು ವರ್ಷ ಪ್ರಯತ್ನಪಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಎಂಬವರ ಕಾಲದಲ್ಲಿ ಅವಲಾಂಚಿಯ ಮರಿ ಸಾಕಣೆ ಕೇಂದ್ರದಿಂದ ಅದು ಕೈಗೂಡಿತು. ನಾವು ಗಮನಿಸಬೇಕಾದದ್ದು ಮೀನಿಗಿಂತ ಹೆಚ್ಚಾಗಿ ಅದಕ್ಕೆ ಮಾಡಿದ ಏರ್ಪಾಡನ್ನು. 1877ರಲ್ಲೇ ಅಲ್ಲಿ ಒಂದು ಸಂಘ ಹುಟ್ಟಿತ್ತು. 1879ರಲ್ಲಿ ನೀಲಗಿರಿಯ ಬೇಟೆ ಮತ್ತು ಮೀನಿನ ರಕ್ಷಣೆಗೆಂದೇ ಕಾಯ್ದೆ ಬಂತು. ಪರವಾನಗಿ, ಕಾಲಮಿತಿ, ಕಾವಲು ಎಲ್ಲವೂ ಮೊದಲು ಸಿದ್ಧವಾಗಿದ್ದವು. ಮೀನು ನೆಲೆಯೂರಿದ್ದು ಆಮೇಲೆ.

ನಮ್ಮ ನೀರಿನ ಅರಸು ಬಿಳಿಮೀನು, ಅಂದರೆ ಮಹಶೀರ್. ಕಾವೇರಿಯ ಬಿಳಿಮೀನಿಗೆ ಒಂದು ವಿಶೇಷವಿದೆ. ಬೆನ್ನು ಡುಬ್ಬದಂತೆ ಉಬ್ಬಿ, ರೆಕ್ಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವ ಈ ಜಾತಿ ಕಾವೇರಿಯ ಜಲಾನಯನವನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ, ಅಂದರೆ ಕಬಿನಿಯಲ್ಲಿ, ಗಾಳಕ್ಕೆ ಹಿಡಿದ ಮೀನು 120 ಪೌಂಡು ತೂಗಿತು. ಅಂದರೆ 54 ಕಿಲೋ. ಇಂಥ ಮೀನಿಗೆ ಒಂದು ಖಚಿತವಾದ ಶಾಸ್ತ್ರೀಯ ಹೆಸರು ಸಿಕ್ಕದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲು ವರ್ಣಿತವಾಗಿದ್ದ 'ಟಾರ್ ರೆಮಾದೇವಿ'ಯೂ ಇದೂ ಒಂದೇ ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ವರ್ಷ ಈ ಜಾತಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರಿಡುವ ಶಾಸ್ತ್ರವೂ ಕೊನೆಯುಸಿರಿನ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ನಡೆದವು.

ಬಿಳಿಮೀನು ಕೆರೆಯ ಕಾಟ್ಲಾ, ರೋಹುಗಳಂತೆ ಅಲ್ಲ. ನಿಧಾನವಾಗಿ ಬಲಿಯುತ್ತದೆ; ಮೊಟ್ಟೆಯೂ ಅವುಗಳಿಗಿಂತ ಕಡಿಮೆ. ಮುಂಗಾರಿನ ಹೊಸ ನೀರಿಗೆ ಮೇಲೇರಿ, ಜಲ್ಲಿ ಕಲ್ಲಿನ ತಿಳಿಯಾದ ಹರಿವಿನಲ್ಲಿ ಮೊಟ್ಟೆಯಿಡುತ್ತದೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಆ ಕಟ್ಟೆ ನಮ್ಮ ಜಿಲ್ಲೆಗೆ ಅನ್ನ ಕೊಟ್ಟಿದೆ. ಅದನ್ನು ಹಳಿಯುವ ಕೃತಘ್ನತೆ ನನ್ನದಲ್ಲ. ಆದರೆ ಮೀನಿಗೆ ಅದು ಏರಲಾಗದ ಗೋಡೆ. ಗೋಡೆಗಳು ಹೆಚ್ಚಿದಷ್ಟೂ ಉಳಿದ ಸಣ್ಣ ಹೊಳೆಗಳ, ಉಳಿದ ಮಡುಗಳ ಬೆಲೆ ಹೆಚ್ಚುತ್ತದೆ.

ಗಾಳದವರ ದಾಖಲೆ ಹೇಳುವುದೇನು?

ಕಾವೇರಿಯ ಕೆಳಹರಿವಿನಲ್ಲಿ, ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಕಡೆ ನಡೆದದ್ದು ನಮಗೆ ಪಾಠವಾಗಬೇಕು. 1970ರ ದಶಕದಲ್ಲಿ ಬ್ರಿಟನ್ನಿನಿಂದ ಬಂದ ಗಾಳಗಾರರ ಒಂದು ತಂಡ ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದು ಸುದ್ದಿ ಮಾಡಿತು. ಆ ಮೇಲೆ ದೇಶವಿದೇಶಗಳಿಂದ ಜನ ಬರತೊಡಗಿದರು. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಒಂದು ಭಾಗದ ಹೊಳೆಯನ್ನು ನೋಡಿಕೊಂಡಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಬಿಡಾರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನೀರಿಗೇ ಬಿಡುವುದು ಪದ್ಧತಿಯಾಯಿತು. ತೋಟೆ ಹಾಕಿ ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರು ಕಾವಲುಗಾರರಾದರು, ದಾರಿ ತೋರುವವರಾದರು.

ಆ ಪುಸ್ತಕಗಳು ಎಷ್ಟು ಬೆಲೆಬಾಳುವವು ಎಂಬುದು ಆಮೇಲೆ ತಿಳಿಯಿತು. ಗಾಲಿಬೋರೆಯಲ್ಲಿ 1998ರಿಂದ 2012ರ ವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳದಲ್ಲಿ 6,161 ಮಹಶೀರ್ ಹಿಡಿದು ಬಿಡಲಾಗಿತ್ತು. ಒಟ್ಟು ಮೀನಿನ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯ ಬೇರೊಂದು ಮಹಶೀರ್. ಮರಿಕೇಂದ್ರಗಳಲ್ಲಿ ಬೆಳೆಸಿ ಹೊಳೆಗೆ ಬಿಟ್ಟದ್ದು. ಕಾವೇರಿಯ ಸ್ವಂತ ಡುಬ್ಬದ ಮೀನು ವರ್ಷ ವರ್ಷಕ್ಕೂ ಇಳಿಯುತ್ತಿತ್ತು. ಸಿಕ್ಕ ಕೆಲವೂ ದೊಡ್ಡವೇ, ಮರಿಗಳ ಸುಳಿವಿಲ್ಲ. ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮರಗಳೇ ನಿಂತು, ಸಂದಿನಲ್ಲಿ ಒಂದು ಸಸಿಯೂ ಇಲ್ಲದ ತೋಟದ ಆಯುಸ್ಸು ಎಷ್ಟೆಂದು ನಮಗೆ ಗೊತ್ತು.

ಕಾವೇರಿ ವನ್ಯಧಾಮ 1987ರಲ್ಲಿ ಘೋಷಿತವಾದದ್ದು. ವನ್ಯಜೀವಿ ಕಾಯ್ದೆಯ ಕಟ್ಟುಪಾಡಿನಂತೆ 2012ರ ಹೊತ್ತಿಗೆ ಅಲ್ಲಿಯ ಗಾಳದ ಬಿಡಾರಗಳು ನಿಂತವು. ಕಾಯ್ದೆ ಕಾಯ್ದೆಯೇ; ಅದನ್ನು ಮೀರಿ ಎಂದು ನಾನು ಹೇಳುವವನಲ್ಲ. ಆದರೆ ಗಾಳ ನಿಂತ ದಿನ ದಾಖಲೆ ಪುಸ್ತಕವೂ ನಿಂತಿತು, ದಡದಲ್ಲಿ ದಿನವೂ ಓಡಾಡುತ್ತಿದ್ದ ಕಣ್ಣುಗಳೂ ದೂರವಾದವು. ತೋಟೆ ಹಾಕುವವನು ಮಾತ್ರ ಪರವಾನಗಿ ಕೇಳಿ ಬರುತ್ತಿದ್ದವನಲ್ಲ; ಹೀಗಾಗಿ ನಿಷೇಧ ಅವನನ್ನು ಮುಟ್ಟುವುದೂ ಇಲ್ಲ.

ದೇವರ ಮೀನಿನ ಕಥೆಯನ್ನೂ ನೋಡಿ. ಶೃಂಗೇರಿಯ ತುಂಗೆಯಲ್ಲಿ, ಕಾವೇರಿ ದಂಡೆಯ ರಾಮನಾಥಪುರದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮೀನನ್ನು ಯಾರೂ ಮುಟ್ಟುವುದಿಲ್ಲ. ಭಕ್ತಿ ಎಂಬುದು ಕಾಯ್ದೆಗಿಂತ ಗಟ್ಟಿಯಾದ ಬೇಲಿ. ಆದರೂ 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಭಕ್ತಿಯ ಬೇಲಿಗೂ ರಾತ್ರಿ ಪಾಳಿಯ ಕಾವಲು ಬೇಕು ಎಂಬುದನ್ನು ಆ ಕಲ್ಲು ಹೇಳುತ್ತಿದೆ.

ಮೈಲುತುತ್ತದ ಲೆಕ್ಕ

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣ ಅಂದಿನಿಂದ ನಮ್ಮ ತೋಟಗಳ ಕಾವಲುಗಾರ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಾಫಿಯ ಎಲೆತುಕ್ಕಿಗೆ ಇದರ ಅರ್ಧ ಪ್ರಮಾಣ. ಈ ಲೆಕ್ಕ ನಮಗೆ ಬಾಯಿಪಾಠ. ಮೀನಿನ ಲೆಕ್ಕ ಮಾತ್ರ ನಾವು ಕಲಿತಿಲ್ಲ. ಮೈಲುತುತ್ತದಲ್ಲಿರುವ ತಾಮ್ರ ಮೀನಿನ ಕಿವಿರನ್ನು ಕೆಡಿಸಿ ಉಸಿರು ಕಟ್ಟಿಸುತ್ತದೆ. ಅದಕ್ಕೆ ಅತ್ಯಲ್ಪ ಪ್ರಮಾಣವೇ ಸಾಕು. ಮಲೆನಾಡಿನ ಹೊಳೆಗಳಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು.

ಕಾಲವನ್ನೂ ಗಮನಿಸಿ. ನಾವು ಔಷಧಿ ಹೊಡೆಯುವುದು ಮುಂಗಾರಿನ ಮುಂಚೆ ಮತ್ತು ಮುಂಗಾರಿನ ನಡುವೆ. ಮೀನು ಏರುವುದೂ ಆಗಲೇ. ಕಾಫಿ ಹಣ್ಣಿನ ಪಲ್ಪಿಂಗ್ ಮಾಡುವುದು ಡಿಸೆಂಬರಿನಿಂದ ಫೆಬ್ರವರಿಯ ವರೆಗೆ. ಹೊಳೆಯ ಹರಿವು ಇಳಿಯುವುದೂ ಆಗಲೇ. ಪಲ್ಪರ್ ನೀರು ಹಳ್ಳಕ್ಕೆ ಬಿದ್ದರೆ ಕೊಳೆಯುತ್ತಾ ನೀರಿನಲ್ಲಿರುವ ಪ್ರಾಣವಾಯುವನ್ನೆಲ್ಲ ಕುಡಿದುಬಿಡುತ್ತದೆ. ಗಾಳ, ಬಲೆ ಯಾವುದೂ ಇಲ್ಲದೆ ಮೀನು ಸಾಯುತ್ತದೆ.

ಇನ್ನು ಬೇಕೆಂದೇ ಮಾಡುವ ಪಾಪ. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. ಈಗ ಬ್ಲೀಚಿಂಗ್ ಪುಡಿ, ಮೈಲುತುತ್ತ, ತೋಟದ ಕೀಟನಾಶಕ. ತಿನ್ನುವ ಗಾತ್ರದ ನಾಲ್ಕು ಮೀನಿಗಾಗಿ ಮರಿ, ಮೊಟ್ಟೆ, ಏಡಿ, ಸೀಗಡಿ ಎಲ್ಲವೂ ನಾಶ. ತೋಟೆ ಹೊಡೆಯುವುದನ್ನೂ ವಿಷ ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತು. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವೂ ಇದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಹೊಳೆಯ ಮೀನು ಹೀಗೆ ಹಾಳಾಗುವುದನ್ನು ಕುರಿತು ಬರೆದದ್ದು 1870ರ ದಶಕದಲ್ಲಿ. ನೂರೈವತ್ತು ವರ್ಷಗಳಿಂದ ಕಾಗದದ ಕೊರತೆಯೇನೂ ಆಗಿಲ್ಲ. ಸಂಘದ ಮೈಲುತುತ್ತದ ವಿತರಣೆಯ ಪುಸ್ತಕ ಬರೆಯುವವನು ನಾನು. ಮೂಟೆ ಯಾರ ಮನೆಗೆ ಹೋಯಿತೆಂದು ಅದು ಹೇಳುತ್ತದೆ. ಯಾವ ಮಡುವಿಗೆ ಹೋಯಿತೆಂದು ಹೇಳುವುದಿಲ್ಲ.

ಬರಬಹುದಾದ ಆಕ್ಷೇಪಣೆಗಳು

ಇದು ಗಾಳದ ಶೋಕಿಯವರ ಪರವಾದ ವಕಾಲತ್ತು ಎನ್ನುವವರು ಇರುತ್ತಾರೆ. ಶ್ರೀರಂಗಪಟ್ಟಣದ ಬೆಸ್ತರು ತಲೆತಲಾಂತರದಿಂದ ಹರಿಗೋಲಿನಲ್ಲಿ ಕೂತು ಬಲೆ ಬೀಸಿ ಬದುಕಿದವರು. ಹೊಳೆಯನ್ನು ಹಣವಂತರ ಆಟಕ್ಕೆ ಬಿಟ್ಟು ಅವರನ್ನು ದಡಕ್ಕೆ ತಳ್ಳುವ ಯಾವ ಯೋಜನೆಯೂ ನಿಲ್ಲದು, ನಿಲ್ಲಬಾರದು. ಆದರೆ ಬೆಸ್ತರ ಬಲೆ ಹೊಳೆಯನ್ನು ಬರಿದು ಮಾಡಿಲ್ಲ. ಬಲೆಯವನಿಗೆ ನಾಳೆಯೂ ಮೀನು ಬೇಕು. ವಿಷದವನಿಗೆ ಇಂದು ರಾತ್ರಿ ಮಾತ್ರ ಬೇಕು. ವಿಷ ಬಿದ್ದ ಮಾರನೆಯ ದಿನ ಮೊದಲು ಉಪವಾಸ ಬೀಳುವವನು ಬೆಸ್ತನೇ. ಆದ್ದರಿಂದ ಕಾವಲಿನ ಕೆಲಸವೂ ಅದರ ಕೂಲಿಯೂ ಮೊದಲು ಸೇರಬೇಕಾದದ್ದು ಅವರಿಗೆ.

ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಕೆರೆಗೆ ಬಿಡಿ, ಸಂತೋಷ. ಹೊಳೆಗೆ ಬೇಡ. ನೀಲಿ ರೆಕ್ಕೆಯ ಮಹಶೀರಿನ ಕಥೆಯನ್ನು ಮೇಲೆ ಹೇಳಿದ್ದೇನೆ. ಸತ್ತ ಗಿಡದ ಗುಂಡಿಗೆ ಬೇರೆ ತಳಿಯ ಸಸಿ ನೆಟ್ಟು, ಹಳೆಯ ತಳಿ ಉಳಿಯಿತು ಎಂದು ಲೆಕ್ಕ ಬರೆಯುವುದು ತೋಟದಲ್ಲೂ ಸಲ್ಲದು, ಹೊಳೆಯಲ್ಲೂ ಸಲ್ಲದು.

ಗಾಳಕ್ಕೆ ಹಿಡಿದು ಬಿಡುವುದೇ ಹಿಂಸೆಯಲ್ಲವೇ ಎಂಬ ಪ್ರಶ್ನೆಯಲ್ಲೂ ಹುರುಳಿದೆ. ಒರಟಾಗಿ ಹಿಡಿದು, ಬಿಸಿಲಿನಲ್ಲಿ ಬಹಳ ಹೊತ್ತು ಎತ್ತಿಟ್ಟು ಫೋಟೋ ತೆಗೆದರೆ, ಬಿಟ್ಟ ಮೀನೂ ಸಾಯುತ್ತದೆ. ಅದಕ್ಕೇ ಗಾಳವೂ ಕಟ್ಟುಪಾಡಿನೊಳಗೆ ಇರಬೇಕು. ಎಷ್ಟು ಗಾಳ, ಯಾವ ತಿಂಗಳು ಎಂಬುದು ಮೊದಲೇ ಗೊತ್ತಾಗಿರಬೇಕು. ಕೊಡಗಿನ ವಾಲ್ನೂರಿನ ಬಳಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಕಾವೇರಿಯ ಒಂದು ಭಾಗವನ್ನು ವಹಿಸಿಕೊಂಡು, ಪರವಾನಗಿ ಕೊಟ್ಟು, ಕಾವಲಿಟ್ಟು, ಹಿಡಿದ ಬಿಳಿಮೀನನ್ನು ಹೊಳೆಗೇ ಬಿಡಿಸಿ ನಡೆಸಿದ ಪ್ರಯತ್ನ ನಮ್ಮ ಕಣ್ಣೆದುರಿಗಿದೆ. ಅದು ತೋಟದವರೇ ಬಹುಮಟ್ಟಿಗೆ ಇರುವ ನಾಡು. ಅಲ್ಲಿ ಆದದ್ದು ಇಲ್ಲಿ ಏಕಾಗಬಾರದು?

ನಾವು ಮಾಡಬಹುದಾದದ್ದು

ಮುಂದಿನ ಮಹಾಸಭೆಯ ಮುಂದೆ ಈ ಸೂಚನೆಗಳನ್ನು ಇಡಬೇಕೆಂದಿದ್ದೇನೆ. ಸದಸ್ಯರು ಈಗಿನಿಂದಲೇ ಯೋಚಿಸಿ ಬರಲಿ.

ಒಂದು, ಔಷಧಿ ಹೊಡೆಯುವ ಪಂಪು, ಡ್ರಮ್ಮುಗಳನ್ನು ಹೊಳೆಯಲ್ಲಾಗಲಿ ಹಳ್ಳದಲ್ಲಾಗಲಿ ತೊಳೆಯಕೂಡದು. ತೊಳೆದ ನೀರನ್ನು ತೋಟದೊಳಗೇ ಗುಂಡಿ ತೆಗೆದು ಇಂಗಿಸಬೇಕು. ಮೈಲುತುತ್ತವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು, ಉಳಿಕೆಯ ಲೆಕ್ಕವನ್ನು ಸಂಘಕ್ಕೆ ಕೊಡಬೇಕು. ಸಾಲವಾಗಿಯೂ ಪರರಿಗೆ ಕೊಡಬಾರದು.

ಎರಡು, ಪಲ್ಪರ್ ಇರುವ ಮೇಲ್ದಂಡೆಯ ಸದಸ್ಯರು ಆ ನೀರನ್ನು ಹೊಂಡದಲ್ಲಿ ತಡೆದು, ಸುಣ್ಣ ಹಾಕಿ ಹುಳಿ ಕಳೆದು, ಹೊಳೆಗೆ ಬೀಳದಂತೆ ನೋಡಿಕೊಳ್ಳಬೇಕು. ಸಣ್ಣ ಬೆಳೆಗಾರರು ನಾಲ್ಕು ಮನೆಯವರು ಸೇರಿ ಒಂದು ಹೊಂಡ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಮೂರು, ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಏರುವಾಗ ನಮ್ಮ ತೋಟದ ಹಳ್ಳಗಳ ಬಾಯಿಗೆ ಕೂಳಿ ಕಟ್ಟುವುದನ್ನೂ, ಅಡ್ಡಬಲೆ ಬಿಡುವುದನ್ನೂ ನಾವೇ ನಿಲ್ಲಿಸಬೇಕು. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ತಿಂದು ಮುಂದಿನ ವರ್ಷ ಹೊಳೆಯಲ್ಲಿ ಮೀನಿಲ್ಲ ಎಂದು ಗೊಣಗುವುದು ಬಿತ್ತನೆಯ ಭತ್ತವನ್ನು ಬೇಯಿಸಿಕೊಂಡಂತೆ.

ನಾಲ್ಕು, ದಾರಿಯ ವಿಷಯ. ಹೊಳೆಗೆ ಹೋಗುವ ತೋಟದ ದಾರಿಗೆ ಬೀಗ ಬೇಡ, ಪುಸ್ತಕ ಇರಲಿ. ಯಾರು ಬಂದರು, ಇಲಾಖೆಯ ಪರವಾನಗಿ ಇದೆಯೇ, ಏನು ಹಿಡಿದರು, ಬಿಟ್ಟರೋ ಒಯ್ದರೋ ಎಂಬುದನ್ನು ಬರೆದಿಡಬೇಕು. ಊರಿನ ಬೆಸ್ತರಿಗೆ ಅವರ ಹಕ್ಕಿನ ದಾರಿಯನ್ನು ಎಂದೂ ತಡೆಯಬಾರದು. ಹೊರಗಿನಿಂದ ಗಾಳ ತರುವವರಿಗೆ ದಿನಕ್ಕೆ ಇಷ್ಟೇ ಎಂಬ ಮಿತಿ ಬೇಕು. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ ರಂಗನತಿಟ್ಟಿನ ನೀರಿನಲ್ಲಾಗಲಿ, ಕಾಯ್ದೆ ಕಾದಿಟ್ಟ ಬೇರೆ ಯಾವ ನೀರಿನಲ್ಲಾಗಲಿ ಗಾಳದ ಮಾತೇ ಬರಬಾರದು.

ಐದು, ಕಾವಲು. ಹೊಳೆದಂಡೆಯ ಪ್ರತಿ ಸದಸ್ಯರೂ ವರ್ಷಕ್ಕೆ ನೂರು ರೂಪಾಯಿ ಕೊಟ್ಟರೂ ಬೇಸಿಗೆಯ ಮೂರು ತಿಂಗಳು ರಾತ್ರಿ ಕಾವಲಿಗೆ ಒಂದು ಆರಂಭ ಸಿಗುತ್ತದೆ. ಇಲಾಖೆಗೆ ಅರ್ಜಿ ಬರೆದು, ಒಂದೇ ಒಂದು ಮಡುವನ್ನು ನಮ್ಮ ಸಂಘದ ಹೊಣೆಗೆ ಕೇಳೋಣ. ಹತ್ತನ್ನು ಕೇಳಿ ಒಂದನ್ನೂ ಕಾಯದಿರುವುದಕ್ಕಿಂತ ಒಂದನ್ನು ಕೇಳಿ ಕಾಯುವುದು ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಲೇಖನದಲ್ಲಿ ಹೊಳೆಗಳ ಹೆಸರಿದೆ. ಈಗಲೂ ಮೀನಿರುವ ಮಡುವಿನ ಹೆಸರು ಒಂದೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಇಂದು ಮೊಬೈಲಿನಲ್ಲಿ ಒಂದು ಫೋಟೋ ಹೋದರೆ ಮುಂದಿನ ಭಾನುವಾರ ಇಪ್ಪತ್ತು ಬೈಕು ದಡದಲ್ಲಿರುತ್ತವೆ. ಕಾವಲು ಸಿದ್ಧವಾಗುವ ತನಕ ಮಡುವಿನ ಹೆಸರು ನಮ್ಮ ಬಾಯಲ್ಲೇ ಇರಲಿ. ಕಾವಲು ನಿಂತ ಮೇಲೆ ಹೆಸರು ಹೇಳಲು ಅಂಜಬೇಕಾಗಿಲ್ಲ.

ತೋಟವನ್ನು ನಾವು ಮಕ್ಕಳ ಹೆಸರಿಗೆ ಬರೆದುಕೊಡುತ್ತೇವೆ. ಹೊಳೆಯನ್ನು ಹಾಗೆ ಬರೆದುಕೊಡಲು ಪತ್ರವಿಲ್ಲ. ಅದರಲ್ಲಿ ಏನು ಉಳಿಸಿದೆವೋ ಅದೇ ಪತ್ರ. ಮಹಾಸಭೆಗೆ ತಪ್ಪದೆ ಬನ್ನಿ. ಮೇಲಿನ ಐದು ಸೂಚನೆಗಳಲ್ಲಿ ಮೊದಲನೆಯದಕ್ಕೆ ಯಾರ ಠರಾವೂ ಬೇಕಿಲ್ಲ. ನಾಳೆ ಬೆಳಿಗ್ಗೆ ಔಷಧಿ ಡ್ರಮ್ಮನ್ನು ಹಳ್ಳದಿಂದ ಹತ್ತು ಮಾರು ಈಚೆಗೆ ಎಳೆದಿಟ್ಟರೆ ಅಲ್ಲಿಗೆ ಕೆಲಸ ಆರಂಭವಾದಂತೆಯೇ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ